ಮೂರನೇ ಶೆಡ್ಡಿನ ಕಿವಿ

ವಾಯುನೆಲೆಯ ಮೂರನೇ ಶೆಡ್ಡಿನಲ್ಲಿ ಆತನನ್ನು ಎಲ್ಲರೂ ಡಾಕ್ಟರು ಎಂದೇ ಕರೆಯುತ್ತಿದ್ದರು. ಕಲಿತದ್ದು ಮೆಕ್ಯಾನಿಕ್ ಕೆಲಸ; ರೋಗಿಗಳೆಲ್ಲ ಮೂವತ್ತು ವರ್ಷ ಹಳೆಯ ಸೇನಾ ಹೆಲಿಕಾಪ್ಟರುಗಳು. ರಿಪೇರಿಯಾದ ಗೇರ್‌ಬಾಕ್ಸನ್ನು ಹೆಲಿಕಾಪ್ಟರಿಗೆ ಏರಿಸುವ ಮುನ್ನ ಮೋಟಾರಿಗೆ ಜೋಡಿಸಿ ತಿರುಗಿಸುತ್ತಾರೆ. ಆಗ ಡಾಕ್ಟರು ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ, ಎಡಗೈಯ ತೋರುಬೆರಳನ್ನು ಮೇಲೆತ್ತುತ್ತಿದ್ದರು. ಬೆರಳು ಮೇಲಿರುವಷ್ಟು ಹೊತ್ತು ನಲವತ್ತು ಜನ ಉಸಿರಾಡುವಂತಿಲ್ಲ. ಕೆಮ್ಮು ಬಂದವರು ಹೊರಗೆ ಹೋಗಿ ಕೆಮ್ಮಬೇಕು. ಬೆರಳು ಇಳಿಸಿ "ಸಂಸಾರ ಸುಖವಾಗಿದೆ" ಎಂದರೆ ಗೇರ್‌ಬಾಕ್ಸು ಪಾಸು. ಸಹಿ ಹಾಕಿದವನೇ ಮೊದಲ ಹಾರಾಟದಲ್ಲಿ ಪೈಲಟ್ಟಿನ ಪಕ್ಕ ಕೂರಬೇಕೆಂಬುದು ಶೆಡ್ಡಿನ ಹಳೆಯ ಕಟ್ಟಳೆ.

ಇಷ್ಟೆಲ್ಲ ಗತ್ತಿನ ಒಳಗುಟ್ಟು ಹೆಂಡತಿಗೆ ಮಾತ್ರ ಗೊತ್ತಿತ್ತು.

"ರೀ, ಕುಕ್ಕರ್ ಏಳು ಸಲ ಕೂಗಿತಂತೆ. ಪಕ್ಕದ ಮನೆಯೋರು ಬಂದು ಆರಿಸಿದ್ರು."

"ಏನೋ ಯೋಚನೇಲಿದ್ದೆ ಕಣೇ."

"ಯೋಚನೆ ಕಿವಿಯಲ್ಲಿ ಮಾಡ್ತೀರಾ?"

ಸಣ್ಣ ದನಿ, ಕೀರಲು ದನಿ ಯಾವುದೂ ಆತನಿಗೆ ಕೇಳಿಸದೆ ಎರಡು ವರ್ಷವಾಗಿತ್ತು. ಗೇರ್‌ಬಾಕ್ಸಿನ ಅದುರು ಕೈಗೆ ತಿಳಿಯುತ್ತಿತ್ತು. ಉಳಿದದ್ದನ್ನು ಅದೃಷ್ಟಕ್ಕೆ ಬಿಟ್ಟಿದ್ದರು.

ಹಾಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ, ಅಷ್ಟರಲ್ಲಿ ಕೇಂದ್ರ ಕಚೇರಿಯ ಸಾಹೇಬರು ಬಂದರು. ಹಳೆಯ ಹೆಲಿಕಾಪ್ಟರುಗಳೆಲ್ಲ ಹೋಗಿ ಹೊಸ ಬಗೆಯ ಯಂತ್ರ ಬರುತ್ತದೆ ಎಂದರು. ಎರಡೂ ತೋಳು ಚಾಚಿ, ತಾವೇ ಯಂತ್ರವಾಗಿ ವಿವರಿಸಿದರು: "ರೆಕ್ಕೆಯ ತುದಿಯಲ್ಲಿ ರೋಟರು. ಮೇಲಕ್ಕೆ ಮುಖ ಮಾಡಿದ್ರೆ ಹೆಲಿಕಾಪ್ಟರಿನ ಹಾಗೆ ನೆಟ್ಟಗೆ ಏಳುತ್ತೆ. ಮುಂದಕ್ಕೆ ಬಾಗಿದ್ರೆ ವಿಮಾನದ ಹಾಗೆ ಓಡುತ್ತೆ." ಬಾಗುವಾಗ ಬಲರೆಕ್ಕೆ ತಗುಲಿ ಟೀ ಲೋಟ ಉರುಳಿತು.

"ನಮ್ಮ ಭಾವನ ಥರ," ಎಂದ ಹಿಂದಿನ ಸಾಲಿನ ವೆಲ್ಡರ್. "ಕೆಲಸ ಆಗೋವರೆಗೆ ಒಂದು ಮುಖ, ಆದ್ಮೇಲೆ ಇನ್ನೊಂದು."

ನಗು ಬಹಳ ಹೊತ್ತು ಉಳಿಯಲಿಲ್ಲ. ಹೊಸ ಯಂತ್ರಕ್ಕೆ ಹನ್ನೆರಡು ಜನ ಸಾಕಂತೆ. ಉಳಿದವರು ಟಯರ್ ಉಗ್ರಾಣಕ್ಕೆ. ಆರಿಸಲು ಸೋಮವಾರ ಎಲ್ಲರಿಗೂ ಕಿವಿ ಪರೀಕ್ಷೆ.

ಡಾಕ್ಟರು ಮನೆಗೆ ಹೋಗಿ ಹೆಂಡತಿಗೆ ಎಲ್ಲ ಹೇಳಿದರು. ಹೆಂಡತಿಯೇ ದಾರಿ ಹುಡುಕಿದಳು. ಅವಳ ಅಕ್ಕನಿಗೆ ಇಂಥದೇ ಪರೀಕ್ಷೆ ಆಗಿತ್ತು.

"ಗಾಜಿನ ಕೋಣೇಲಿ ಕೂರಿಸ್ತಾರೆ. ಶಬ್ದ ಬಂದಾಗ ಗುಂಡಿ ಒತ್ತಬೇಕು. ಗಾಜಿನಾಚೆ ಪರೀಕ್ಷೆ ಮಾಡೋರ ಕೈ ಕಾಣುತ್ತೆ. ಕೈ ಅಲ್ಲಾಡಿದ ತಕ್ಷಣ ಒತ್ತಿಬಿಡಿ."

ಕನ್ನಡಿಯ ಮುಂದೆ ತಾಲೀಮು ನಡೆಯಿತು. ಅವಳು ಹಿಂದೆ ನಿಂತು ಬಟ್ಟಲಿಗೆ ಗುಂಡುಸೂಜಿ ಹಾಕುವುದು, ಆತ ಮೇಜು ಕುಟ್ಟುವುದು.

"ಅಷ್ಟೊಂದು ಚುರುಕು ಬೇಡ ರೀ. ನಾನು ಮೂಗು ಕೆರ್ಕೊಂಡಿದ್ದಕ್ಕೂ ಕುಟ್ಟಿದ್ರಿ."

ಶನಿವಾರ ಒಂದು ಗೇರ್‌ಬಾಕ್ಸು ಪರೀಕ್ಷೆಗೆ ಬಂತು. ಮರುದಿನ ಅದನ್ನು ಹಾರಿಸಬೇಕಾದ ಪೈಲಟ್ಟೂ ಬಂದು ನಿಂತ. "ನಾಳೆ ನನ್ನ ಪಕ್ಕ ನೀವೇ ಅಲ್ವಾ ಡಾಕ್ಟ್ರೇ? ಹಾಗಾದ್ರೆ ನನಗೇನೂ ಭಯ ಇಲ್ಲ."

ಡಾಕ್ಟರು ಕಣ್ಣು ಮುಚ್ಚಿ ಬೆರಳೆತ್ತಿದರು. ಕೆಳಗಿನ ಗುರುಗುಟ್ಟು ಕೈಗೆ ಬಂತು. ಅದರ ಮೇಲೆ ಕೂದಲೆಳೆಯಂಥ ಒಂದು ಕೀರಲು ದನಿ ಇದ್ದರೆ ಬೇರಿಂಗ್ ಕೆಟ್ಟಿತೆಂದು ಅರ್ಥ. ಆ ದನಿ ಇರಲಿಲ್ಲ. ಇಲ್ಲದ್ದು ಗೇರ್‌ಬಾಕ್ಸಿನಲ್ಲೋ, ಕಿವಿಯಲ್ಲೋ? ಎರಡು ವರ್ಷದಿಂದ, ಹೇಗೂ ನಾನೂ ಹೋಗಿ ಕೂರುತ್ತೇನಲ್ಲ, ಪಾಪ ಅಲ್ಲಿಗೆ ತೀರಿತು ಎಂದುಕೊಂಡಿದ್ದರು. ಪಕ್ಕದ ಸೀಟಿನವನನ್ನು ನೆನೆದಿರಲಿಲ್ಲ. ಒಂದು ಕಣ್ಣು ತೆರೆದರು. ಸೂಪರ್‌ವೈಸರು ಆಗಲೇ ಸಹಿಗೆ ಪೆನ್ನು ಚಾಚಿದ್ದರು. ಇಲ್ಲಿ ಬಾಯಿ ಬಿಟ್ಟರೆ ಸೋಮವಾರದ ಪರೀಕ್ಷೆಯ ಅಗತ್ಯವೇ ಇಲ್ಲ. ನೇರ ಟಯರ್ ಉಗ್ರಾಣ.

ಬೆರಳು ಇಳಿಯಿತು. "ನನಗೆ ಕೇಳಿಸ್ತಿಲ್ಲ ಸಾರ್."

"ಶಬ್ದ ಇಲ್ಲ ಅಂದ್ರೆ ಒಳ್ಳೇದೇ ಅಲ್ವೇನಯ್ಯಾ?"

"ಶಬ್ದದ ಮಾತಲ್ಲ. ನನ್ನ ಕಿವಿ ಹೋಗಿ ಎರಡು ವರ್ಷ ಆಯ್ತು. ಬೇರೆ ಯಾರಾದ್ರೂ ಕೇಳಲಿ."

ಸೂಪರ್‌ವೈಸರು ಗಂಭೀರವಾಗಿ ಸ್ಕ್ರೂಡ್ರೈವರ್ ಕಸಿದುಕೊಂಡರು. ಕಣ್ಣು ಮುಚ್ಚಿದರು. ಬೆರಳನ್ನೂ ಎತ್ತಿದರು. "ಏನು ಕೇಳುತ್ತೆ ಸಾರ್?" ಎಂದು ಪೈಲಟ್ ಎರಡು ಸಲ ಕೇಳಿದ, ಅದೂ ಅವರಿಗೆ ಕೇಳಿಸಲಿಲ್ಲ. ಕೊನೆಗೆ ಆತ ಭುಜ ಮುಟ್ಟಿದಾಗ ಬೆರಳು ಮಡಚಿಕೊಂಡಿತು.

"ನಂಗೂ ಇಲ್ಲಪ್ಪ. ಹತ್ತು ವರ್ಷದಿಂದ ಇವನ ಮುಖ ನೋಡ್ಕೊಂಡೇ ತಲೆ ಆಡಿಸ್ತಿದ್ದೆ."

ಸ್ಕ್ರೂಡ್ರೈವರ್ ಕೈಯಿಂದ ಕೈಗೆ ಹೋಯಿತು. ತೆಗೆದುಕೊಂಡವರೆಲ್ಲ ತಂತಮ್ಮ ಬೂಟು ನೋಡಿಕೊಂಡರು. ಕಿವಿಗೆ ಹಾಕುವ ರಕ್ಷಾಕವಚಗಳು ಸೆಕೆಯಾಗುತ್ತದೆಂದು ಇಪ್ಪತ್ತು ವರ್ಷದಿಂದ ಗೋಡೆಯ ಮೊಳೆಗಳಲ್ಲಿ ಸಾಲಾಗಿ ನೇತಾಡುತ್ತಿದ್ದವು, ಹೊಚ್ಚ ಹೊಸದಾಗಿ. ನಲವತ್ತು ಜನರ ಶೆಡ್ಡಿಗೆ ಇದ್ದದ್ದು ಒಂದೇ ಕಿವಿ, ಅದೂ ಇಲ್ಲ.

ಮೋಟಾರು ನಿಲ್ಲಿಸಿ, ಎಣ್ಣೆಯ ಬಿರಡೆ ಬಿಚ್ಚಿದರು. ಅದರ ತುದಿಯ ಅಯಸ್ಕಾಂತಕ್ಕೆ ಬೇರಿಂಗಿನಿಂದ ಕಿತ್ತುಬಂದ, ಕತ್ತರಿಸಿದ ಉಗುರಿನಷ್ಟು ಲೋಹದ ಸಿಬಿರೊಂದು ಅಂಟಿಕೊಂಡಿತ್ತು. ಪೈಲಟ್ ಅದನ್ನು ನೋಡಿ ಟೂಲ್‌ಬಾಕ್ಸಿನ ಮೇಲೆ ಕುಳಿತುಬಿಟ್ಟ.

ಸೋಮವಾರ ಆಸ್ಪತ್ರೆಯ ಬೆಂಚುಗಳ ಮೇಲೆ ನಲವತ್ತು ಜನ ಕುಳಿತಿದ್ದರು. ನರ್ಸಮ್ಮ ಬಾಗಿಲಲ್ಲಿ ನಿಂತು "ಒಂದನೇ ನಂಬರ್" ಎಂದು ಮೂರು ಸಲ ಕೂಗಿದಳು. ಯಾರೂ ಮಿಸುಕಲಿಲ್ಲ. ಬಂದು ಡಾಕ್ಟರ ಮೊಣಕಾಲು ತಟ್ಟಿದಳು.

"ನಿಮ್ಮನ್ನೇ. ಏನು, ಎಲ್ಲರೂ ತಪಸ್ಸಿಗೆ ಕೂತಿದ್ದೀರಾ?"

ಹೆಂಡತಿ ಹೇಳಿದಂತೆಯೇ ಇತ್ತು ಒಳಗೆ. ಗಾಜಿನಾಚೆ ಪರೀಕ್ಷಕಿಯ ಕೈ ಸ್ಪಷ್ಟವಾಗಿ ಕಾಣುತ್ತಿತ್ತು. ಡಾಕ್ಟರು ಒಂದು ಕ್ಷಣ ಅದನ್ನೇ ನೋಡಿದರು. ಆಮೇಲೆ ಕುರ್ಚಿಯನ್ನು ಎತ್ತಿ, ಗೋಡೆಯ ಕಡೆಗೆ ತಿರುಗಿಸಿ ಹಾಕಿಕೊಂಡು ಕುಳಿತರು. ಕಿವಿಗೆ ಹೆಡ್‌ಫೋನು, ಬಲಗೈಯಲ್ಲಿ ಗುಂಡಿ. ಅಭ್ಯಾಸಬಲದಿಂದ ಎಡಗೈಯ ಬೆರಳು ತಾನಾಗಿ ಮೇಲೆದ್ದಿತು. ಈ ಸಲ ಉಸಿರು ಹಿಡಿದು ಕಾಯುತ್ತಿದ್ದವರು ಡಾಕ್ಟರೊಬ್ಬರೇ.