ಕೈ ಏರಿದಷ್ಟು ಉಸಿರು

ನಾಗಕ್ಕನಿಗೆ ಸುಮ್ಮನೆ ಕೂರುವುದು ಗೊತ್ತೇ ಇಲ್ಲ. ಶಿರಸಿ ಕಡೆಯ ಬಿಳಗಿಯ ಹತ್ತಿರ ನಮ್ಮ ಕೇರಿಯಲ್ಲಿ ಅವಳ ಮನೆ, ಬೇಲಿಯಾಚೆ ನಮ್ಮದು. ಗದ್ದೆ ಕೆಲಸ, ದನದ ಕೆಲಸ, ಅದೆಲ್ಲ ಮುಗಿದರೆ ಪುಂಡಿ ನಾರಿನ ಕುಂಚ ಹಿಡಿದು ಗೋಡೆಯ ಮೇಲೆ ಚಿತ್ತಾರ. ಅಂಥವಳು ಕಳೆದ ವರ್ಷ ಒಂದು ಕೈಯನ್ನು ಗಾಳಿಯಲ್ಲಿ ಮೇಲೆ ಕೆಳಗೆ ಆಡಿಸುತ್ತ ಗಂಡನ ಮಂಚದ ಮುಂದೆ ಗಂಟೆಗಟ್ಟಲೆ ಕೂತಿರುತ್ತಿದ್ದಳು. ಕೇರಿಯವರು ತಲೆ ಕೆಟ್ಟಿದೆ ಎಂದರು. ಅನ್ನುವವರ ಬಾಯಿಗೆ ಬೀಗ ಹಾಕಲು ನನ್ನಿಂದಾಗುತ್ತದೆಯೇ? ಆದರೂ ಸಿಕ್ಕವರಿಗೆ ಸರಿಯಾಗಿಯೇ ಬೈದೆ.

ಅವಳ ಗಂಡ ಬೈರಣ್ಣ ವಯಸ್ಸಿನಲ್ಲಿ ಚಿರೇಕಲ್ಲಿನ ಕ್ವಾರಿಯಲ್ಲಿ ದುಡಿದವನು. ಆ ಕೆಂಪು ಧೂಳೆಲ್ಲ ಎದೆಯಲ್ಲಿ ಕೂತಿತ್ತು. ಶಿರಸಿಯ ಡಾಕ್ಟರು ಔಷಧಿ ಬರೆದುಕೊಟ್ಟು, ಇದು ವಾಸಿಯಾಗುವಂಥದ್ದಲ್ಲ ಎಂದು ನನ್ನನ್ನು ಹೊರಗೆ ಕರೆದು ಹೇಳಿದರು. ನಾನು ಆಶಾ ಕಾರ್ಯಕರ್ತೆ. ಇಂಥ ಮಾತೆಲ್ಲ ನನ್ನ ಕಿವಿಗೇ ಬೀಳುವುದು. ಉಬ್ಬಸ ಬಂದರೆ ಬೈರಣ್ಣ ಹೆದರುತ್ತಿದ್ದ, ಹೆದರಿದಷ್ಟೂ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಆಗ ಅವನ ಕಣ್ಣು ನೋಡಲಾಗುತ್ತಿರಲಿಲ್ಲ.

ಆರೋಗ್ಯ ಕೇಂದ್ರಕ್ಕೆ ಯೋಗ ಕಲಿಸಲು ಸಮೃದ್ಧಿ ಎಂಬ ಹುಡುಗಿ ಬರುತ್ತಿದ್ದಳು. ಗಂಡ ಹೆಂಡತಿ ಇಬ್ಬರನ್ನೂ ಅಲ್ಲಿಗೆ ಕರೆದುಕೊಂಡು ಹೋದೆ. ಅಂಗೈಯನ್ನು ತೊಡೆಯ ಮೇಲಿಟ್ಟುಕೊಳ್ಳಿ, ಉಸಿರು ಎಳೆದುಕೊಳ್ಳುತ್ತ ನಿಧಾನವಾಗಿ ಎದೆಯವರೆಗೆ ಎತ್ತಿ, ಬಿಡುತ್ತ ಇಳಿಸಿ, ಮನಸ್ಸೆಲ್ಲ ಕೈಯಲ್ಲೇ ಇರಲಿ ಎಂದಳು. ಬೈರಣ್ಣನಿಗೆ ಕೈ ಎತ್ತುವಷ್ಟರಲ್ಲೇ ಏದುಸಿರು.

"ಇದೆಂತ ತಂಗಿ, ದೋಸೆ ಮಗಚ್ದಂಗೆ!" ಎಂದು ಬಿಟ್ಟುಬಿಟ್ಟ.

"ನೀವು ಎತ್ಬೇಡಿ. ನಾ ಎತ್ತುತೀನಿ, ನೀವು ನೋಡ್ತಾ ಉಸ್ರಾಡಿ" ಎಂದಳು ನಾಗಕ್ಕ.

ಅಲ್ಲಿಂದ ಶುರು. ಉಬ್ಬಸ ಬಂದಾಗಲೆಲ್ಲ ಅವನೆದುರು ಕೂತು ಬಲಗೈ ಎತ್ತುವಳು. ಮೊದಲು ಅವನ ಉಸಿರಿನಷ್ಟೇ ಬೇಗಬೇಗ, ಆಮೇಲೆ ಚೂರುಚೂರೇ ನಿಧಾನ. ಅವನ ಕಣ್ಣು ಆ ಕೈ ಬಿಟ್ಟು ಕದಲುತ್ತಿರಲಿಲ್ಲ. ಉಸಿರು ಕೈಯ ಹಿಂದೆ ಹಿಂದೆಯೇ ಬಂದು ತಗ್ಗುತ್ತಿತ್ತು. ನಾನೇ ಕಣ್ಣಾರೆ ಕಂಡಿದ್ದೇನೆ. ಒಂದು ಅಂಗೈಗೆ ಅಷ್ಟು ದೊಡ್ಡ ಜೀವ ಜೋತುಬಿದ್ದಿತ್ತಲ್ಲ, ದೇವರೇ!

ದಸರಾ ಮುಗಿಯಿತು. ಭೂಮಿ ಹುಣ್ಣಿಮೆಗೆ ನಮ್ಮಲ್ಲಿ ಹೆಂಗಸರು ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಬೆಳಕು ಹರಿಯುವ ಮೊದಲು ಗಂಡಸರು ಅದರಲ್ಲಿ ಅಡುಗೆ ಹೊತ್ತು ಗದ್ದೆಗೆ ಬಡಿಸಲು ಹೋಗುತ್ತಾರೆ. ತೆನೆ ಹೊತ್ತ ಭೂಮಿತಾಯಿಯ ಬಯಕೆಯ ಊಟ ಅದು. ನಾಗಕ್ಕನ ಬುಟ್ಟಿ ಎಂದರೆ ಕೇರಿಗೇ ಹೆಸರು. ಆ ವರ್ಷ ಮಾತ್ರ ಬುಟ್ಟಿ ಮೂಲೆಯಲ್ಲಿ ಬರಿದೇ ಕೂತಿತ್ತು. ಕುಂಚ ಹಿಡಿಯುವುದೂ ಅದೇ ಬಲಗೈ ತಾನೇ.

ಬೈರಣ್ಣ ಬಿಡಲಿಲ್ಲ. "ಬುಟ್ಟಿ ಬರಿಯೇ ನಾಗಿ. ಈ ಸಲನೂ ನಾನೇ ಹೊರೋದು."

"ಹೊರ್ತೀರಿ, ಹೊರ್ತೀರಿ! ಮೊದ್ಲು ಬಚ್ಚಲಿಗೆ ನಡ್ಕಂಡು ಹೋಗಿ ತೋರ್ಸಿ" ಎಂದು ರೇಗಿದಳು. ರೇಗುತ್ತಲೇ ಅಕ್ಕಿ ನೆನೆಹಾಕಿದಳು.

ಅವನೆದುರೇ ಕೂತು ಬರೆದಳು. ಅವನು ಉಸಿರು ಎಳೆದರೆ ಗೆರೆ ಮೇಲಕ್ಕೆ, ಬಿಟ್ಟರೆ ಕೆಳಕ್ಕೆ. ಬೈರಣ್ಣ ಕುಂಚದ ತುದಿಯನ್ನೇ ನೋಡುತ್ತ ಉಸಿರಾಡುತ್ತಿದ್ದ. "ತನು, ನೋಡೇ, ಗೆರೆ ಎಷ್ಟು ನೆಟ್ಟಗೆ ಬಂತು" ಎಂದು ನನ್ನನ್ನೂ ಕರೆದು ತೋರಿಸಿದ. ಹೆಂಡತಿಯ ಮೇಲೆ ಹೆಮ್ಮೆಯೋ ಹೆಮ್ಮೆ.

ಹುಣ್ಣಿಮೆಯ ಹಿಂದಿನ ದಿನ ಮಧ್ಯಾಹ್ನ ನಾಗಕ್ಕ ಕೂಗಿದ್ದು ಕೇಳಿ ಬೇಲಿ ದಾಟಿ ಓಡಿದೆ. ಎಲ್ಲ ಮುಗಿದಿತ್ತು. ಸೂತಕದ ಮನೆಯ ಬುಟ್ಟಿ ಗದ್ದೆಗೆ ಹೋಗುವಂತಿಲ್ಲ. ಬೇರೆಯವರ ಬುಟ್ಟಿಗಳು ಹೋದವು, ಅವಳದು ಮನೆಯಲ್ಲೇ ಉಳಿಯಿತು.

ಸೂತಕದ ದಿನಗಳ ಕಾರ್ಯವೆಲ್ಲ ಮುಗಿದ ಮೇಲೆ ಒಂದು ಸಂಜೆ ಅವಳ ಪಕ್ಕ ಹೋಗಿ ಕೂತೆ. ಬಲಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಿದ್ದಳು. ಊಟಕ್ಕೂ ಆ ಕೈ ತೆಗೆಯುವುದಿಲ್ಲ, ಎಡಗೈಯಲ್ಲಿ ಚಮಚ ಹಿಡಿದು ತಿನ್ನುತ್ತಾಳೆ ಎಂದು ಅವಳ ಸೊಸೆ ಮಮತಾ ನನ್ನ ಹತ್ತಿರ ಅತ್ತುಕೊಂಡಿದ್ದಳು.

"ಎಂತ ಆತೇ ಕೈಗೆ?" ಎಂದೆ.

"ಅವತ್ತು ಗೆರೆ ಕೆಳಗೆ ಎಳ್ದೆ, ಅವ್ರು ಉಸಿರು ಬಿಟ್ರು. ಅಂಚಲ್ಲಿ ಹಿಟ್ಟು ಹರಿದುಬಿಡ್ತು ತನು. ಅದ್ನ ಒರೆಸ್ತಾ ಕೂತೆ. ಅವ್ರು ಹೊರೋ ಬುಟ್ಟಿ, ಚಂದ ಆಗ್ಬೇಕಿತ್ತಲ್ಲ. ಕೈ ಮತ್ತೆ ಮೇಲೆ ಎತ್ತಲೇ ಇಲ್ಲ ನಾನು."

ನನಗೆ ಸಿಟ್ಟು ಬಂತು. "ಹುಚ್ಚು ಹಿಡೀತಾ ನಿಂಗೆ ಮಾರಾಯ್ತಿ? ಧೂಳು ತಿಂದ ಎದೆ ಅದು. ನೀ ಎತ್ತಿದ್ರೂ ಅಷ್ಟೆ, ಬಿಟ್ರೂ ಅಷ್ಟೆ. ನಿನ್ನ ಕೈಯಿಂದ ಎಂತದೂ ಆಗ್ಲಿಲ್ಲ!"

ಅವಳು ನನ್ನ ಕಡೆ ತಿರುಗಿದಳು. ಅತ್ತೂ ಅತ್ತೂ ಕಣ್ಣು ಬತ್ತಿಹೋಗಿತ್ತು.

"ಎಂತದೂ ಆಗ್ಲಿಲ್ವಾ?" ಎಂದಳು. "ಹಂಗಾದ್ರೆ ಅಷ್ಟು ದಿನ ಅವ್ರು ನನ್ನ ಕೈ ನೋಡಿ ಉಸ್ರಾಡಿದ್ದು?"

ಊರಿಗೆಲ್ಲ ಬುದ್ಧಿ ಹೇಳುವವಳು ನಾನು. ತೊಡೆಯ ಕೆಳಗಿಂದ ಅವಳ ಬಲಗೈಯನ್ನು ಎಳೆದುಕೊಂಡು ನನ್ನ ಎರಡೂ ಕೈಯಲ್ಲಿ ಹಿಡಿದೆ.