ಮೂರು ಬಾಟಲಿ ಕಡಲ ನೀರು

ವೀಣಾ, ಆ ಮೂರು ಬಾಟಲಿಗಳನ್ನು ನಾನು ಬೇಕೆಂದೇ ಚೆಲ್ಲಿದೆ. ಅಭ್ಯಾಸಬಲದಿಂದಲ್ಲ — ಇಷ್ಟು ವರ್ಷ ನೀವೆಲ್ಲ ನಂಬಿದ ಹಾಗೆ ಅಲ್ಲ.

ನಾನು ಆರೋಗ್ಯ ಇಲಾಖೆಯಲ್ಲಿದ್ದವನು. ಶಿಕಾರಿಪುರ, ಸೊರಬದ ಹಳ್ಳಿ ತಿರುಗಿ, ಜನರ ತೊಟ್ಟಿ, ಡ್ರಮ್ಮು, ಹಳೇ ಟೈರುಗಳಲ್ಲಿ ಸೊಳ್ಳೆಮರಿ ಹುಡುಕಿ ನೀರು ಚೆಲ್ಲಿಸುವುದೇ ನನ್ನ ಕೆಲಸ. ನಿವೃತ್ತನಾದ ಮೇಲೂ ಬೆಳಿಗ್ಗೆ ಮನೆಗೊಂದು ಸುತ್ತು ಬಂದು, ನಿಂತ ನೀರನ್ನೆಲ್ಲ ಚೆಲ್ಲಿದ ನಂತರವೇ ಸ್ನಾನ. ತಮ್ಮನ ಮಗಳಾದ ನಿನಗೆ ಇದು ಗೊತ್ತಿಲ್ಲದ್ದಲ್ಲ.

ಸಂಶೋಧನೆಗೆಂದು ಹೋಗಿದ್ದ ನೀನು ಆಗ ಲಕ್ಷದ್ವೀಪದಿಂದ ಬಂದಿದ್ದೆ. ಹವಳದ ದಿಬ್ಬದ ಮೀನುಗಳಿಗೆ ಅಂಟಿ ರಕ್ತ ಹೀರುವ ಹುಳುಗಳನ್ನು ತಂದಿದ್ದೆ. ಶಿರಾಳಕೊಪ್ಪದ ನಮ್ಮ ಮನೆಯ ಕಿಟಕಿಯಲ್ಲಿ, ಬಾಯಿಗೆ ತೆಳುಬಟ್ಟೆ ಕಟ್ಟಿದ ಬಾಟಲಿಗಳು. ಸಂಜೆ ನನ್ನನ್ನು ಕರೆದು ಮಸೂರದಲ್ಲಿ ತೋರಿಸಿದೆ — ಅಕ್ಕಿಕಾಳಿಗಿಂತ ಸಣ್ಣವು, ಹೊಟ್ಟೆ ಮಾತ್ರ ಕೆಂಪು.

"ಮರಿ ಇದ್ದಾಗಷ್ಟೇ ರಕ್ತ ಕುಡೀತಾವೆ ದೊಡ್ಡಪ್ಪ. ದೊಡ್ಡವಾದ್ಮೇಲೆ ಏನೂ ತಿನ್ನಲ್ಲ."

"ಹಂಗಾರೆ ನಮ್ ನೆಂಟರಿಗಿಂತ ವಾಸಿ ಬಿಡು."

ನೀನು ನಕ್ಕೆ. ಗಂಡು ಹುಳು ಬೆಳೆದರಷ್ಟೇ ಯಾವ ಪ್ರಭೇದವೆಂದು ಹೇಳಲು ಸಾಧ್ಯ, ಇನ್ನು ಕೆಲವೇ ದಿನ ಕಾಯಬೇಕು, ಬಹುಶಃ ಯಾರೂ ಗುರುತಿಸದೆ ಇರುವಂಥದ್ದು — ಎಂದೆ.

ಮರುದಿನ ನಿನ್ನನ್ನು ನೋಡಲು ಸೊರಬದಿಂದ ಗಂಡಿನ ಕಡೆಯವರು ಬರುವವರಿದ್ದರು. ನಮ್ಮ ಹಾಗೆಯೇ ಮಾಂಸ ಮುಟ್ಟದ ಮನೆ. ಬಾಟಲಿ ಕಂಡು ಇದೇನೆಂದು ಕೇಳಿದರೆ — ಅಷ್ಟೇ ಅಲ್ಲ. ನೀನು ಮತ್ತೆ ಸಮುದ್ರಕ್ಕೆ ಹೋಗುವುದೇ ನನಗೆ ಬೇಕಿರಲಿಲ್ಲ.

ಬೆಳಿಗ್ಗೆ ಎಂದಿನಂತೆ ಸುತ್ತು ಹೊರಟೆ. ಬಾಟಲಿಯನ್ನು ಬೆಳಕಿಗೆ ಹಿಡಿದೆ. ಸೊಳ್ಳೆಮರಿ ಉಸಿರಿಗಾಗಿ ನೀರಿನ ಮೇಲಕ್ಕೆ ಬರುತ್ತದೆ. ಇವು ತಳದಲ್ಲಿ ಕೂತಿದ್ದವು. ಸೊಳ್ಳೆಮರಿಯೆಂದು ಬೇರೆ ಯಾರು ತಪ್ಪು ತಿಳಿದರೂ ನಾನು ಹಾಗೆ ತಿಳಿಯುವಂತಿರಲಿಲ್ಲ. ಮೂರನ್ನೂ ಬಚ್ಚಲ ಮೋರಿಗೆ ಸುರಿದೆ. ಮೇಲೊಂದು ಚೊಂಬು ನೀರು ಹಾಕಿದೆ.

"ದೊಡ್ಡಪ್ಪಾ, ನನ್ ಬಾಟ್ಲಿ?"

ನಾನು ಬಾಯಿ ತೆರೆಯುವ ಮೊದಲೇ ನಿನ್ನ ತಾಯಿ ಹಣೆ ಚಚ್ಚಿಕೊಂಡಳು. "ಅಯ್ಯ, ನಿಂತ ನೀರು ಕಂಡ್ರೆ ಭಾವನೋರ ಕೈ ಸುಮ್ನಿರ್ತದೇನೆ?"

"ನಿನ್ನೆ ತೋರ್ಸಿದ್ನಲ್ಲಾ, ದೊಡ್ಡಪ್ಪ..."

"ಮರ್ತ್‌ಬಿಟ್ಟೆ ಕಣೆ. ಕೈ ರೂಢಿ."

ಆ ಎರಡು ಮಾತು ಸಾಕಾಯಿತು. ನೀನು ಮೋರಿಯ ಬಳಿ ಬಹಳ ಹೊತ್ತು ಕೂತಿದ್ದೆ. ಆಮೇಲೆ ಎದ್ದು ಬಂದು ನನಗೇ ಸಮಾಧಾನ ಹೇಳಿದೆ — "ಹೋಗ್ಲಿ ಬಿಡ್ರಿ."

ಸಂಬಂಧ ಕೂಡಿತು. ಸೊರಬದ ಸೊಸೆಯಾದೆ, ಕಾಲೇಜಿನಲ್ಲಿ ಪಾಠ ಹೇಳುತ್ತೀ. ಆ ದ್ವೀಪಕ್ಕೆ ಮತ್ತೆ ಹೋಗಲಿಲ್ಲ. ಆ ಹುಳು ಯಾವುದೆಂದು ಇಂದಿಗೂ ತಿಳಿದಿಲ್ಲ.

ಕಳೆದ ವಾರ ನಿಮ್ಮ ಮನೆಯ ಊಟದಲ್ಲಿ ನೀನೇ ಅದನ್ನು ಎತ್ತಿದೆ. "ನಮ್ ದೊಡ್ಡಪ್ಪ ಸಮುದ್ರಾನೇ ಮೋರಿಗೆ ಚೆಲ್ಲಿದೋರು ಕಣ್ರೀ!" ಎಲ್ಲರೂ ನಕ್ಕರು. ನಾನೂ ನಕ್ಕೆ.

ಇದನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ; ಅಚ್ಚಾಗುವ ಮೊದಲೇ ಸೊರಬಕ್ಕೆ ಬಂದು ನಿನ್ನೆದುರು ಹೇಳುತ್ತೇನೆ. ಇನ್ನು ಆ ಕಥೆ ಹೇಳುವಾಗ ಕೈ ರೂಢಿ ಎನ್ನಬೇಡ. ಗೊತ್ತಿದ್ದೇ ಚೆಲ್ಲಿದರು ಎನ್ನು. ಯಾರೂ ನಗದಿದ್ದರೆ ನಗದಿರಲಿ.