ಬೇಲಿ ಕಿತ್ತ ಕಣಿವೆ

ಬೆನ್ನುಚೀಲ ಹೊಲಿಯುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಪಟ್ಟಿಯಕ್ಕ ಎನ್ನುತ್ತಿದ್ದರು. ಚೀಲದ ಹೆಗಲ ಪಟ್ಟಿ ಹೊಲಿಯುವುದು ಅವಳ ಕೆಲಸ. ಆ ಪಟ್ಟಿಗಳು ಯಾರ್ಯಾರದೋ ಹೆಗಲೇರಿ ಎಷ್ಟೋ ಬೆಟ್ಟ ಹತ್ತಿ ಇಳಿದಿದ್ದವು. ಅವಳು ಮಾತ್ರ ಮನೆ ಮತ್ತು ಕಾರ್ಖಾನೆಯ ನಡುವಿನ ಬಸ್ಸು ಬಿಟ್ಟು ಬೇರೆ ದಾರಿ ಕಂಡವಳಲ್ಲ. ಮೋಡವಿಲ್ಲದ ದಿನ ಕಿಟಕಿಯಾಚೆ ಪರ್ವತದ ಸಾಲು ಕಾಣುತ್ತಿತ್ತು. ಅದನ್ನು ನೋಡುತ್ತ ಕೂತರೆ ಸೂಜಿ ಬೆರಳಿಗಿಳಿಯುತ್ತದೆಂದು ಅವಳು ತಲೆ ಎತ್ತುತ್ತಿರಲಿಲ್ಲ.

ಕಾರ್ಖಾನೆಯ ಯಜಮಾನರು ಪ್ರತಿ ವರ್ಷ ಲಾಭದಲ್ಲೊಂದು ಪಾಲನ್ನು ಪರ್ವತಗಳ ರಕ್ಷಣೆಗೆ ತೆಗೆದಿಡುತ್ತಿದ್ದರು. ಯಾವ ಕೆಲಸಕ್ಕೆ ಕೊಡಬೇಕೆಂದು ಊಟದ ಕೋಣೆಯಲ್ಲಿ ಕೈಯೆತ್ತಿ ತೀರ್ಮಾನಿಸುವವರು ಕೆಲಸಗಾರರು. ಆ ವರ್ಷ ಎರಡು ಕೋರಿಕೆ ಬಂದಿದ್ದವು. ಒಂದು, ಕಾಡುಪ್ರಾಣಿ ನೋಡಲು ಎತ್ತರದ ಅಟ್ಟಣೆ ಕಟ್ಟಿಸುವುದು. ಇನ್ನೊಂದು, ಮುಚ್ಚಿಹೋದ ಗಣಿಯವರು ಕಣಿವೆಗೆ ಅಡ್ಡಲಾಗಿ ಬಿಟ್ಟುಹೋದ ತಂತಿಬೇಲಿ ಕೀಳಿಸುವುದು. ಚಳಿಗಾಲದಲ್ಲಿ ಕೆಳಗಿಳಿಯುವ ಕಾಡುಕುರಿಗಳು ಆ ಬೇಲಿಗೆ ಸಿಕ್ಕಿ ಸಾಯುತ್ತಿದ್ದವು.

ಬಟ್ಟೆ ಕತ್ತರಿಸುವವನು ನಕ್ಕ. "ದುಡ್ಡು ಕೊಟ್ಟು ಏನಾದ್ರೂ ಕಟ್ಟಿಸ್ತಾರಪ್ಪ, ಕೀಳಿಸ್ತಾರಾ? ಕೊನೆಗೆ ತೋರಿಸೋಕೆ ಅಲ್ಲಿ ಏನೂ ಇರಲ್ಲ."

ಸಭೆಯಲ್ಲಿ ಎಂದೂ ತುಟಿ ಬಿಚ್ಚದ ಪಟ್ಟಿಯಕ್ಕ ಅಂದು ಬಾಯಿಬಿಟ್ಟಳು. "ಏನೂ ಇರಬಾರ್ದು ಅಂತಾನೇ ಅಲ್ವಾ ಅವರು ಕೇಳ್ತಿರೋದು? ಆ ಕುರಿಗಳಿಗೆ ದಾರಿ ಬಿಟ್ರೆ ಸಾಕು."

ಕೂದಲೆಳೆಯ ಅಂತರದಲ್ಲಿ ಬೇಲಿ ಕೀಳುವುದೇ ಗೆದ್ದಿತು.

ಬೇಲಿ ಕಿತ್ತಾಯಿತು, ಯಾರಾದರೂ ಬಂದು ನೋಡಲಿ ಎಂದು ಕಣಿವೆಯ ಕಾವಲುಗಾರ್ತಿ ಹೇಳಿಕಳುಹಿಸಿದಳು. ಪಟ್ಟಿಯಕ್ಕನೇ ಹೋಗಬೇಕು ಎಂದು ಯಜಮಾನರು ಪಟ್ಟುಹಿಡಿದರು. ಮಹಡಿ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವವಳು ಪರ್ವತಕ್ಕೆ ಹೊರಟಳಲ್ಲ ಎಂದು ಗಂಡ ಛೇಡಿಸಿದ. ಛೇಡಿಸುತ್ತಲೇ ಅವಳ ಬೂಟಿಗೆ ಎಣ್ಣೆ ಹಚ್ಚಿ ಮೆತ್ತಗೆ ಮಾಡಿಕೊಟ್ಟ.

ಅವಳು ಕೂತು ಕೂತು ಹತ್ತಿದಳು. ಕಾವಲುಗಾರ್ತಿ ಅವಸರ ಮಾಡಲಿಲ್ಲ. ಕಣಿವೆಯ ಮೇಲಂಚು ತಲುಪಿದಾಗ ಅವಳ ಕಾಲು ಅಲ್ಲೇ ನಿಂತವು. ಕಾರ್ಖಾನೆಯಿಂದ ಕಾಣುತ್ತಿದ್ದದ್ದು ಬರೀ ಹೊಸ್ತಿಲು. ಅದರಾಚೆ ಹಿಮದ ಬೆಟ್ಟ, ಅದರ ಹಿಂದೆ ಮತ್ತೊಂದು, ಆಕಾಶ ಯಾವುದು ಬೆಟ್ಟ ಯಾವುದು ತಿಳಿಯದಷ್ಟು ದೂರದವರೆಗೆ. ತನ್ನ ಉಸಿರೇ ಅಲ್ಲಿ ದೊಡ್ಡ ಗದ್ದಲ ಅನ್ನಿಸಿ ಅವಳು ಬಾಯಿಗೆ ಸೆರಗು ಒತ್ತಿಕೊಂಡಳು.

ಆಗ ಕುರಿಗಳು ಬಂದವು. ಬೇಲಿ ಇದ್ದ ಜಾಗಕ್ಕೆ ಬರುತ್ತಲೇ ಗಕ್ಕನೆ ನಿಂತವು. ತಂತಿಯಿಲ್ಲ, ಕಂಬವಿಲ್ಲ; ಆದರೂ ಒಂದೂ ಮುಂದಡಿ ಇಡಲಿಲ್ಲ.

"ಇನ್ನೂ ನಂಬಿಕೆ ಬಂದಿಲ್ಲ ಅವಕ್ಕೆ," ಎಂದು ಕಾವಲುಗಾರ್ತಿ ಪಿಸುಗುಟ್ಟಿದಳು.

ಬಹಳ ಹೊತ್ತಿನ ಮೇಲೆ ಒಂದು ಮುದಿ ಹೆಣ್ಣುಕುರಿ ಮೂಗು ಚಾಚಿ ಗಾಳಿಯನ್ನು ಮೂಸಿತು. ಒಂದು ಹೆಜ್ಜೆ ಇಟ್ಟು ತಡೆದು ನಿಂತಿತು. ಆಮೇಲೆ ದಾಟಿಯೇಬಿಟ್ಟಿತು. ಅದರ ಬೆನ್ನಿಗೆ ಇಡೀ ಹಿಂಡು ಬೆಟ್ಟವೇ ಸಡಿಲಿ ಹರಿದಂತೆ ಇಳಿಯಿತು. ಗೊರಸಿನ ಕೆಳಗೆ ಕಲ್ಲು ಉರುಳಿದವು. ಪಟ್ಟಿಯಕ್ಕ ಕಣ್ಣು ಮಿಟುಕಿಸಲೂ ಮರೆತು ನೋಡಿದಳು.

"ಇಷ್ಟೊಂದು ಇಲ್ಲೇ ಇದ್ವಾ?" ಎಂದಳು.

"ನಾವಿಬ್ರೂ ಹುಟ್ಟೋಕೆ ಎಷ್ಟೋ ಮುಂಚಿನಿಂದ."

ಮನೆಗೆ ಬಂದವಳು ಗಂಡನಿಗೆ ಹೇಳಲು ಕೂತಳು. ಎರಡೂ ಕೈ ಅಗಲಿಸಿದಳು, ಸಾಲದೆನಿಸಿ ಕೆಳಗಿಳಿಸಿದಳು. ಎಲ್ಲದಕ್ಕೂ ತಮಾಷೆ ಮಾಡುವ ಅವನು ತಟ್ಟೆ ಪಕ್ಕಕ್ಕಿಟ್ಟು ಅವಳತ್ತ ತಿರುಗಿ ಕೂತ.

"ಮರಿಗಳೂ ದಾಟಿದ್ವಾ?"

"ಎಲ್ಲಾ ದಾಟಿದ್ವು. ಒಂದು ಮಾತ್ರ ಕುಂಟ್ತಾ ಹಿಂದೆ ಬಿತ್ತು. ಅದು ಬರೋ ತನಕ ಉಳಿದವೆಲ್ಲ ಕೆಳಗೆ ನಿಂತು ಕಾದ್ವು ಕಣ್ರೀ."